ಕೇದಾರದ ದಾರಿಯಲ್ಲಿ ಉಣಿಸಿದ ಮನೆ



ಸುಗ್ಗಿ ಮುಗಿಸಿ, ಅಂಗಡಿಯ ಕೀಲಿ ಮಕ್ಕಳ ಕೈಗೆ ಕೊಟ್ಟು ಕೇದಾರಕ್ಕೆ ಹೊರಡುವವರು ನಮ್ಮಲ್ಲಿ ಪ್ರತಿವರ್ಷ ಇದ್ದೀರಿ. ಹೊರಡುವ ಮುನ್ನ ಮಠಕ್ಕೆ ಬಂದು ಚಳಿ ಎಷ್ಟು, ಕುದುರೆಯ ಬಾಡಿಗೆ ಎಷ್ಟು ಎಂದು ಕೇಳುತ್ತೀರಿ. ಅಲ್ಲಿಯ ಜನ ಮನೆಯೊಳಗೆ ಕರೆದರೆ ಹೇಗಿರಬೇಕೆಂದು ಯಾರೂ ಕೇಳುವುದಿಲ್ಲ. ಇಂದು ಅದನ್ನು ಹೇಳೋಣವೆಂದಿದ್ದೇವೆ.

ಕೇದಾರದ ನಂಟು ನಮಗೆ ಹೊಸದಲ್ಲ. ಅಲ್ಲಿಯ ರಾವಲರು ದಕ್ಷಿಣದ ವೀರಶೈವ ಪರಂಪರೆಯಿಂದ ಬರುವವರು. ಹಿಮ ಮುಚ್ಚುವ ಆರು ತಿಂಗಳು ಉತ್ಸವಮೂರ್ತಿಗೆ ಊಖೀಮಠದ ಓಂಕಾರೇಶ್ವರ ಗುಡಿಯಲ್ಲಿ ಪೂಜೆ. ಆ ಊಖೀಮಠ, ಗುಪ್ತಕಾಶಿಗಳ ಸುತ್ತ ಬೆಟ್ಟದ ಮೈಗೆ ಮೆಟ್ಟಿಲು ಮೆಟ್ಟಿಲಾಗಿ ಹೊಲ, ನಡುನಡುವೆ ಕಲ್ಲಿನ ಮನೆ. ಹಳೆಯ ಮನೆಯಾದರೆ ಕೆಳಗೆ ದನ, ಮೇಲೆ ಜನ. ಗುಡ್ಡ ಕುಸಿದು ಬಸ್ಸು ನಿಂತರೆ ಇಂಥ ಮನೆಯ ತಾಯಿಯೊಬ್ಬಳು ಚಹಾಕ್ಕೆ ಕರೆಯುತ್ತಾಳೆ, ಹೊತ್ತಾದರೆ ಊಟಕ್ಕೂ ಏಳಿಸುತ್ತಾಳೆ.

ಅವಳು ಕೊಡುವ ರೊಟ್ಟಿ ಕಪ್ಪಗಿದೆಯೆಂದು ಮೂಗು ಮುರಿಯಬೇಡಿ. ಅವರು ಮಂಡುವಾ ಎನ್ನುವುದು ನಮ್ಮ ರಾಗಿಯೇ. ಹೊಸೂರು, ತಾಳವಾಡಿ, ಮಡಕಶಿರದ ಭಕ್ತರಿಗೆ ನಾಲಗೆಯೇ ಗುರುತು ಹೇಳೀತು. ಗಹತ್ ಎಂದರೆ ಹುರುಳಿ, ಝಂಗೋರಾ ಎಂದರೆ ಊದಲು. ಅಕ್ಕಲಕೋಟೆ, ಜತ್ತದ ಕಡೆಯವರು ಬುತ್ತಿಯ ಜೋಳದ ರೊಟ್ಟಿ ಬಿಚ್ಚಿ ಅವರಿಗೂ ಒಂದು ಚೂರು ಕೊಡಿರಿ.

ಒಕ್ಕಲುತನ ಮಾಡುವವರು ಆ ಹೊಲವನ್ನೊಮ್ಮೆ ನೋಡಿ ಬನ್ನಿ. ಎತ್ತು ಹೊರಳಿಸಲೂ ಕಷ್ಟವಾಗುವಷ್ಟು ಕಿರಿದು. ಗಂಡಸರು ಅನೇಕರು ದುಡಿಯಲು ಬಯಲಿನ ಪಟ್ಟಣ ಸೇರಿದ್ದಾರೆ. ಕಳೆ, ಕೊಯ್ಲು, ಕಾಡಿನಿಂದ ತರುವ ಹುಲ್ಲಿನ ಹೊರೆ, ಎಲ್ಲವೂ ಹೆಣ್ಣುಮಕ್ಕಳ ಬೆನ್ನ ಮೇಲೆ. ಚೋಳರಾಜನ ಲಾಯಕ್ಕೆ ಹುಲ್ಲು ತರುತ್ತಿದ್ದ ಮಾದಾರ ಚೆನ್ನಯ್ಯನ ಮನೆಯ ಅಂಬಲಿಯನ್ನು ಶಿವನು ಉಂಡನೆಂಬ ಕಥೆ ಪುರಾಣದಲ್ಲಿ ಬಂದಾಗ ಕಣ್ಣೊರೆಸಿಕೊಳ್ಳುತ್ತೀರಿ. ಹುಲ್ಲು ಹೊರುವ ತಾಯಿ ಎದುರಿಗೆ ತಟ್ಟೆ ಇಟ್ಟಾಗ ಹೊಸ್ತಿಲಾಚೆ ನಿಂತು "ನೀವು ಯಾವ ಜನ?" ಎನ್ನುವುದೇ? ಮಾಂಸವಿಲ್ಲದ ಅಡುಗೆಯೇ ಎಂದು ವಿನಯದಿಂದ ವಿಚಾರಿಸಿ, ತಪ್ಪಲ್ಲ. ಜಾತಿ ಕೇಳುವುದು ಕೊರಳಲ್ಲಿ ಲಿಂಗವಿದ್ದವರಿಗೆ ಸಲ್ಲದು.

ವ್ಯಾಪಾರಸ್ಥರಿಗೆ ಒಂದು ಮಾತು. ಬಾಡಿಗೆಗೆ ಕೋಣೆ ಕೊಡುವ ಮನೆಯಾದರೆ ಹೇಳಿದ ಹಣ ಚೌಕಾಶಿ ಮಾಡದೆ ಕೊಡಿ, ಅದು ಅವರ ಕಾಯಕ. ಕರೆದು ಉಣಿಸಿದ ಮನೆಯಾದರೆ ತಟ್ಟೆಯ ಪಕ್ಕ ನೋಟು ಇಡಬೇಡಿ. ಮಠದ ದಾಸೋಹದಲ್ಲಿ ಬಡಿಸುವ ನಿಮ್ಮ ಕೈಗೆ ಯಾರಾದರೂ ಇಪ್ಪತ್ತು ರೂಪಾಯಿ ತುರುಕಿದರೆ ಹೇಗನಿಸೀತು? ಮಕ್ಕಳ ಕೈಗೆ ಶೇಂಗಾ ಉಂಡೆ ಕೊಡಿ, ಸಾಕು.

ಇನ್ನೊಂದು ಸಂಗತಿ ಹಗುರವಾದುದಲ್ಲ. 2013ರ ಜೂನ್‌ನಲ್ಲಿ ಮಂದಾಕಿನಿ ಉಕ್ಕಿ ಕೇದಾರವನ್ನು ಕೊಚ್ಚಿದಾಗ ಸತ್ತವರು ಯಾತ್ರಿಕರಷ್ಟೇ ಅಲ್ಲ. ಪೂಜೆಗೆ, ಕುದುರೆ ನಡೆಸಲು, ಅಂಗಡಿ ಇಡಲು ಮೇಲೆ ಹೋಗಿದ್ದ ಈ ಊರುಗಳ ಗಂಡಸರೂ ಹುಡುಗರೂ ಮರಳಲಿಲ್ಲ. ಗೋಡೆಯಲ್ಲಿ ಹಾರ ಹಾಕಿದ ಪಟ ಕಂಡರೆ ಕೆದಕಿ ಕೇಳಬೇಡಿ. ತಾವಾಗಿ ಹೇಳತೊಡಗಿದರೆ ಊಟ ಆರಿದರೂ ಸರಿ, ಕುಳಿತು ಕೇಳಿ. ಊರೆಲ್ಲ ಹೋದರೂ ಗುಡಿ ಉಳಿಯಿತು, ಶಿವನ ಮಹಿಮೆ ನೋಡಿ ಎನ್ನುವ ಮಾತು ನಮ್ಮವರ ಬಾಯಲ್ಲಿ ಬೇಗ ಬರುತ್ತದೆ. ಮಗನನ್ನು ಕಳೆದುಕೊಂಡವಳ ಒಲೆಯ ಮುಂದೆ ಅದು ಬೇಡ.

ಮೇಲೆ ಹೋದಾಗ ಆ ಮನೆಯವರ ಹೆಸರಿನಲ್ಲೂ ಒಂದು ಬಿಲ್ವಪತ್ರೆ ಏರಿಸಿರಿ. ಊರಿಗೆ ಮರಳಿದ ಮೇಲೆ ಸುಖವಾಗಿ ತಲುಪಿದೆವೆಂದು ಅವರಿಗೆ ಎರಡು ಸಾಲು ಬರೆಯಿರಿ. ಹಿಂದಿ ಬಾರದಿದ್ದರೆ ಮಕ್ಕಳ ಕೈಯಲ್ಲಿ ಬರೆಸಿರಿ.