ದಲಾಲ್ ಸ್ಟ್ರೀಟಿನಲ್ಲಿ ಲಕ್ಕಮ್ಮ

ಶರಣ ಆಯ್ದಕ್ಕಿ ಮಾರಯ್ಯ ಒಂದು ದಿನ ಬಸವಣ್ಣನ ಅಂಗಳದಿಂದ ಎಂದಿಗಿಂತ ಹೆಚ್ಚು ಅಕ್ಕಿ ಆಯ್ದು ತಂದ. ಹೆಂಡತಿ ಲಕ್ಕಮ್ಮ ಒಪ್ಪಲಿಲ್ಲ; ಬೇಕಾದ್ದಕ್ಕಿಂತ ಹೆಚ್ಚು ತಂದರೆ ಅದು ಕಾಯಕವಲ್ಲ, ಆಸೆ; ಅಲ್ಲೇ ಸುರಿದು ಬಾ ಎಂದಳು. ಈ ಕಥೆ ನಾನು ಕೇಳಿದ್ದು ಮುಂಬಯಿಯ ಫೋರ್ಟಿನಲ್ಲಿ, ಕನ್ನಡ ರಾತ್ರಿಶಾಲೆಯ ಮಾಸ್ತರರ ಬಾಯಲ್ಲಿ. ಹಗಲೆಲ್ಲ ಹೋಟೆಲಿನಲ್ಲಿ ಕಪ್ಪು-ಬಸಿ ತೊಳೆದು ಬಂದ ಕುಂದಾಪುರದ ಹುಡುಗರು ತೂಕಡಿಸದಿರಲೆಂದು ಅವರು ಕಥೆ ಹೇಳುತ್ತಿದ್ದರು. ಕೂಗಳತೆಯಲ್ಲೇ ಶೇರು ಬಜಾರು. ಹಣವೇ ಹಣ ಹುಟ್ಟಿಸುವುದು ಕಾಯಕವಾದೀತೇ? ಅದೇ ಪೇಟೆಯ ಬ್ಯಾಂಕೊಂದರಲ್ಲಿ ಗುಮಾಸ್ತನಾಗಿ ನಿವೃತ್ತನಾದ ಮೇಲೂ ಈ ಪ್ರಶ್ನೆ ನನ್ನನ್ನು ಬಿಟ್ಟಿಲ್ಲ.

ಫೋರ್ಟಿನ ದಲಾಲರಿಗೆ ಮೊದಲು ಸೂರೇ ಇರಲಿಲ್ಲ. 1850ರ ದಶಕದಲ್ಲಿ ಟೌನ್ ಹಾಲಿನ ಎದುರು ಆಲದ ಮರದಡಿ ನಿಂತು ವ್ಯಾಪಾರ ಕುದುರಿಸುತ್ತಿದ್ದರು. ಅದನ್ನು ಕಾಯಕವೆನ್ನಲು ನನಗೆ ಸಂಕೋಚವಿಲ್ಲ. ಊರವರ ಉಳಿತಾಯ ಒಂದೆಡೆ ಸೇರದಿದ್ದರೆ ಬಟ್ಟೆ ಗಿರಣಿ ಏಳುವುದು ಹೇಗೆ?

ಕೆಟ್ಟದ್ದು 1861ರ ನಂತರ. ಅಮೆರಿಕದ ಅಂತರ್ಯುದ್ಧದಿಂದ ಅಲ್ಲಿನ ಹತ್ತಿ ಇಂಗ್ಲೆಂಡಿಗೆ ಸಿಗದಾಯಿತು. ಮುಂಬಯಿಯ ಹತ್ತಿಗೆ ಚಿನ್ನದ ಬೆಲೆ ಬಂತು. ಆ ವರ್ಷಗಳಲ್ಲೇ ಕೋಟೆಯ ಗೋಡೆ ಕೆಡವಿದರು, ಸಮುದ್ರ ತುಂಬುವ ಕಂಪನಿಗಳು ಹುಟ್ಟಿದವು. ಇನ್ನೂ ನೀರೊಳಗಿದ್ದ ನೆಲದ ಶೇರಿಗೆ ಜನ ಮುಗಿಬಿದ್ದರು. 1865ರಲ್ಲಿ ಯುದ್ಧ ಮುಗಿಯಿತು, ಹತ್ತಿಯ ಬೆಲೆ ಬಿತ್ತು. 2,850 ರೂಪಾಯಿ ಮುಟ್ಟಿದ್ದ ಬ್ಯಾಂಕ್ ಆಫ್ ಬಾಂಬೆಯ ಶೇರು 87ಕ್ಕೆ ಇಳಿಯಿತು.

ಆ ಹುಚ್ಚಿನ ದೊರೆ ಪ್ರೇಮಚಂದ ರಾಯಚಂದ. ದಿವಾಳಿಯಾಗುವ ಮುಂಚೆ ಆತ ವಿಶ್ವವಿದ್ಯಾಲಯಕ್ಕೆ ಕೊಟ್ಟಿದ್ದ ಹಣದಲ್ಲಿ ಎದ್ದ ಗಡಿಯಾರದ ಗೋಪುರ 1878ರಲ್ಲಿ ಮುಗಿಯಿತು; ಹೆಸರು ತಾಯಿ ರಾಜಾಬಾಯಿಯದು. ಆಕೆಗೆ ಕಣ್ಣು ಕಾಣುತ್ತಿರಲಿಲ್ಲವಂತೆ. ಜೈನಳಾದ್ದರಿಂದ ಸೂರ್ಯ ಮುಳುಗುವ ಮೊದಲೇ ಉಣ್ಣಬೇಕು. ಹೊತ್ತು ತಿಳಿಯಲೆಂದು ಮಗ ಗಂಟೆ ಹಾಕಿಸಿದನೆಂದು ಫೋರ್ಟಿನಲ್ಲಿ ಹೇಳುತ್ತಾರೆ. ಹೊತ್ತು ಮೀರಿದರೆ ತುತ್ತು ಮುಟ್ಟದ ತಾಯಿಗೆ, ಸಾಕೆನ್ನಲು ಬಾರದ ಮಗ!

ದಾನ ಕೊಟ್ಟರೆ ಎಲ್ಲ ತೊಳೆದುಹೋಯಿತು ಎನ್ನುವವರು ಪೇಟೆಯಲ್ಲಿ ಬಹಳ. ಗೋಪುರದ ಕೆಳಗಿನ ಗ್ರಂಥಾಲಯದಲ್ಲಿ ಕೂತು ಓದಿ ಮುಂದೆ ಬಂದವರಿದ್ದಾರೆ, ಆ ದಾನವನ್ನು ಹಗುರ ಮಾಡಲಾರೆ. ಆದರೆ ಲಕ್ಕಮ್ಮ ಹೆಚ್ಚಿನ ಅಕ್ಕಿಯನ್ನು ಬಡವರಿಗೆ ಹಂಚು ಅನ್ನಲಿಲ್ಲ. ತಂದದ್ದೇ ತಪ್ಪು ಎಂದಳು.

ರಾಷ್ಟ್ರೀಯ ಶೇರುಪೇಟೆಯೂ ಹಲವು ಬ್ಯಾಂಕುಗಳೂ ಈಗ ಬಾಂದ್ರಾ-ಕುರ್ಲಾ ಕಾಂಪ್ಲೆಕ್ಸಿನ ಗಾಜಿನ ಕಟ್ಟಡಗಳಲ್ಲಿವೆ. ಶೇರು ಕೊಳ್ಳಲು ಮೊಬೈಲ್ ಸಾಕು. ಜಾಗ ಬದಲಾದರೂ ನನ್ನ ಲೆಕ್ಕ ಬದಲಾಗಿಲ್ಲ. ಉದ್ಯಮಕ್ಕೆ ಬಂಡವಾಳ ಕೂಡಿಸುವುದು ಕಾಯಕ. ನಾಳೆಯ ಬೆಲೆಯ ಮೇಲೆ ಪಣ ಕಟ್ಟುವುದು ಜೂಜು, ದೀಪಾವಳಿಯ ಮುಹೂರ್ತದಲ್ಲಿ ಲಕ್ಷ್ಮೀಪೂಜೆ ಮಾಡಿಯೇ ಶುರುಮಾಡಿದರೂ.