ಬಿರುಗಾಳಿಯನ್ನು ಬಯಸಬಹುದೇ?

ಅಮೆರಿಕದ ಆಗ್ನೇಯ ರಾಜ್ಯಗಳಲ್ಲಿ ಜನವರಿ ಬಂತೆಂದರೆ ಕೆಲವರಿಗೆ ರಾತ್ರಿ ನಿದ್ದೆ ಹತ್ತುವುದಿಲ್ಲ. ಹವಾಮಾನದ ಹುಚ್ಚು ಹಿಡಿದವರು ಇವರು. ಅಲ್ಲಿನ ಸರ್ಕಾರಿ ಕಂಪ್ಯೂಟರ್ ಮಾದರಿ ಜಿಎಫ್‌ಎಸ್ ದಿನಕ್ಕೆ ನಾಲ್ಕು ಸಲ ಹೊಸ ಲೆಕ್ಕ ಕೊಡುತ್ತದೆ. ಅದರಲ್ಲೊಂದು ಹೊರಬೀಳುವುದು ಅವರು ಮಲಗುವ ಹೊತ್ತಿಗೆ. ನಕಾಶೆಯ ಮೇಲಿನ ಗುಲಾಬಿ ಪಟ್ಟಿ ತಮ್ಮ ಊರನ್ನು ಮುಚ್ಚಿದರೆ ಹಿಗ್ಗುತ್ತಾರೆ, ನೂರು ಕಿಲೋಮೀಟರ್ ಆಚೆ ಸರಿದರೆ ಕುಗ್ಗುತ್ತಾರೆ. ಆ ಗುಲಾಬಿ ಪಟ್ಟಿ ಹೆಪ್ಪುಗಟ್ಟುವ ಮಳೆಯದು. ಅದು ದಿನವಿಡೀ ಸುರಿದರೆ ಐಸ್ ಸ್ಟಾರ್ಮ್.

ಈ ಮಳೆ ಹುಟ್ಟುವ ಬಗೆಯನ್ನು ತಿಳಿದವರಿಗೆ ಅವರ ಹುಚ್ಚು ಅರ್ಥವಾಗುತ್ತದೆ. ಮೋಡದಿಂದ ಹಿಮವಾಗಿ ಹೊರಟದ್ದು ನಡುದಾರಿಯಲ್ಲಿ ಬೆಚ್ಚನೆಯ ಗಾಳಿಯ ಪದರವನ್ನು ಹಾಯುವಾಗ ಕರಗಿ ನೀರಾಗುತ್ತದೆ. ನೆಲದ ಹತ್ತಿರ ಸೊನ್ನೆ ಡಿಗ್ರಿಗಿಂತ ತಣ್ಣಗಿನ ತೆಳು ಪದರ. ಅಲ್ಲಿ ಮತ್ತೆ ಗಟ್ಟಿಯಾಗಲು ಹನಿಗೆ ಪುರಸೊತ್ತಿಲ್ಲ. ನೀರಾಗಿಯೇ ಇಳಿದು, ಕೊಂಬೆ, ತಂತಿ, ಮನೆಯ ಮೆಟ್ಟಿಲು ಯಾವುದನ್ನು ತಾಕಿದರೂ ಅಲ್ಲೇ ಗಾಜಿನಂತೆ ಕೂರುತ್ತದೆ. ಹೆಪ್ಪುಗಟ್ಟುವಾಗ ನೀರು ಶಾಖ ಬಿಡುವುದರಿಂದ ಈ ಮಳೆ ತನ್ನನ್ನು ತಾನೇ ನಿಲ್ಲಿಸಿಕೊಳ್ಳುವ ಸ್ವಭಾವದ್ದು. ನಿಲ್ಲದೆ ಮುಂದುವರಿಯಬೇಕಾದರೆ ಒಣ ಚಳಿಗಾಳಿ ಬರುತ್ತಲೇ ಇರಬೇಕು. ಕೆರೊಲಿನಾಗಳಲ್ಲಿ ಅಪಲೇಚಿಯನ್ ಬೆಟ್ಟಸಾಲು ಆ ಗಾಳಿಯನ್ನು ತನ್ನ ಪೂರ್ವದ ಮಗ್ಗುಲಲ್ಲಿ ತಡೆದು ನಿಲ್ಲಿಸುತ್ತದೆ. ಇಷ್ಟೆಲ್ಲ ಒಂದೆರಡು ಡಿಗ್ರಿಯ ಅಂತರದಲ್ಲಿ ಕೂಡಿಬರಬೇಕು. ಅದನ್ನು ಕೆಲವು ದಿನ ಮೊದಲೇ ಗುರುತಿಸುವ ಸುಖ ಸಣ್ಣದಲ್ಲ, ಅದನ್ನು ನಾನು ಹಳಿಯಲಾರೆ.

ಪ್ರಶ್ನೆ ಇರುವುದು ಬಯಕೆಯ ಬಗ್ಗೆ. ರೋಹಿಣಿ ಮಳೆ ಬರಲಿ ಎಂದು ನಮ್ಮ ರೈತ ಮುಗಿಲು ನೋಡುತ್ತಾನೆ. ಅವನ ಬಯಕೆಯ ಹಿಂದೆ ಹೊಲವಿದೆ, ಸಾಲವಿದೆ, ಮನೆಯಿದೆ. ಐಸ್ ಸ್ಟಾರ್ಮ್ ಬರಲಿ ಎನ್ನುವವನಿಗೆ ಅಂಥ ಯಾವ ಅಗತ್ಯವೂ ಇಲ್ಲ. ಅವನ ಸಮರ್ಥನೆ ಸರಳ: ನಾನು ಬಯಸಿದ್ದಕ್ಕೆ ಮೋಡ ಬರುವುದಿಲ್ಲ, ಬೇಡವೆಂದರೆ ನಿಲ್ಲುವುದೂ ಇಲ್ಲ, ಹಾಗಿರುವಾಗ ಬಯಸಿದರೆ ಯಾರಿಗೆ ಏನು ನಷ್ಟ? ಸುಲಭಕ್ಕೆ ತಳ್ಳಿಹಾಕುವ ಮಾತಲ್ಲ ಇದು. ಸಂತೋಷ ಬೇರೆ, ಹಾನಿ ಬೇರೆ, ನಾನು ಬಯಸುವುದು ಮೊದಲನೆಯದನ್ನು ಮಾತ್ರ ಎಂದೂ ಅವನು ಹೇಳಬಹುದು.

ಹಿಮ ಬೀಳಲಿ ಎಂದು ಬಯಸುವವನು ಹಾಗೆ ಹೇಳಿದರೆ ಒಪ್ಪಬಹುದು. ಮಕ್ಕಳು ಹಿಮದಲ್ಲಿ ಆಡುತ್ತಾರೆ, ಮರುದಿನ ರಸ್ತೆ ತೆರವಾಗುತ್ತದೆ, ಎಷ್ಟೋ ಸಲ ಯಾರಿಗೂ ಏನೂ ಆಗುವುದಿಲ್ಲ. ಐಸ್ ಸ್ಟಾರ್ಮಿನಲ್ಲಿ ಈ ವಿಂಗಡಣೆ ನಿಲ್ಲುವುದಿಲ್ಲ. ಕೊಂಬೆಯನ್ನು ಹೊಳೆಯಿಸುವ ಪದರವೇ ಅದನ್ನು ಮುರಿಯುತ್ತದೆ, ಅದೇ ಪದರ ವಿದ್ಯುತ್ ತಂತಿಯ ಮೇಲೂ ಕೂತಿರುತ್ತದೆ. 'ಭಾರಿ' ಬಿರುಗಾಳಿ ಬೇಕೆನ್ನುವುದೆಂದರೆ ಪದರ ದಪ್ಪವಾಗಲಿ ಎನ್ನುವುದು. ದಪ್ಪವಾಗಲಿ ಎನ್ನುವುದೆಂದರೆ ತಂತಿ ಹರಿಯಲಿ ಎನ್ನುವುದು. 1998ರ ಜನವರಿಯಲ್ಲಿ ಕೆನಡಾದ ಕ್ವಿಬೆಕ್ ಮತ್ತು ಒಂಟಾರಿಯೊ ಪ್ರಾಂತಗಳಲ್ಲಿ ಆದದ್ದು ಇದೇ. ಐದಾರು ದಿನಗಳಲ್ಲಿ ಮಾಂಟ್ರಿಯಲ್ ಸುತ್ತ ಸುಮಾರು 100 ಮಿಲಿಮೀಟರ್ ಸುರಿಯಿತು, ಹೆಚ್ಚಿನದು ಹೆಪ್ಪುಗಟ್ಟುವ ಮಳೆ. ಸುಮಾರು ಸಾವಿರ ಉಕ್ಕಿನ ವಿದ್ಯುತ್ ಗೋಪುರಗಳು ಮಡಚಿ ಬಿದ್ದವು, ಮೂವತ್ತು ಸಾವಿರದಷ್ಟು ಮರದ ಕಂಬಗಳು ಮುರಿದವು. ಮಾಂಟ್ರಿಯಲ್‌ನಲ್ಲಿ ವಿದ್ಯುತ್ ಹೋಗಿ ನೀರು ಪೂರೈಕೆಯೇ ನಿಲ್ಲುವ ಸ್ಥಿತಿ ಬಂದಿತ್ತು. ಸುಮಾರು ಹದಿನಾರು ಸಾವಿರ ಸೈನಿಕರನ್ನು ಪರಿಹಾರ ಕೆಲಸಕ್ಕೆ ಇಳಿಸಬೇಕಾಯಿತು. ಕೆಲವು ಊರುಗಳಿಗೆ ವಾರಗಟ್ಟಲೆ ಕರೆಂಟ್ ಬರಲಿಲ್ಲ. ದಶಕಗಳಿಂದ ಸಿಹಿರಸ ಕೊಟ್ಟ ಮೇಪಲ್ ತೋಪುಗಳು ತಲೆ ಕಳೆದುಕೊಂಡವು. ಆ ದಿನಗಳ ಹೊಳಪಿನ ಚಿತ್ರಗಳನ್ನು ಇಷ್ಟಪಟ್ಟು, ಈ ಭಾಗ ನನ್ನದಲ್ಲ ಎನ್ನಲು ಬರುವುದಿಲ್ಲ.

ಕಡಲಿನ ಬಿರುಗಾಳಿಯನ್ನು ದಡದಲ್ಲಿ ನಿಂತು ನೋಡುವವನ ಸುಖದ ಬಗ್ಗೆ ರೋಮನ್ ಕವಿ ಲುಕ್ರೀಶಿಯಸ್ ಎರಡು ಸಾವಿರ ವರ್ಷಗಳ ಹಿಂದೆಯೇ ಬರೆದ. ಪ್ರಕೃತಿಯ ಭೀಕರತೆ ಭವ್ಯವಾಗಿ ಕಾಣಬೇಕಾದರೆ ನಾವು ಸುರಕ್ಷಿತ ಜಾಗದಲ್ಲಿರಬೇಕು ಎಂದು 1790ರಲ್ಲಿ ಕಾಂಟ್ ವಾದಿಸಿದ. ಇವರಿಬ್ಬರ ನೋಡುಗನಿಗಿಂತ ನಮ್ಮ ಹವಾಮಾನದ ಹುಚ್ಚ ಒಂದು ರೀತಿಯಲ್ಲಿ ದೊಡ್ಡವನು. ಅವನು ದಡ ಹುಡುಕುವುದಿಲ್ಲ. ಬಿರುಗಾಳಿ ತನ್ನ ಮನೆಯ ಮೇಲೇ ಬರಲಿ, ತನ್ನ ಕರೆಂಟೇ ಹೋಗಲಿ ಎನ್ನುತ್ತಾನೆ. ಆದರೆ ಆ ಬೀದಿಯಲ್ಲಿ ಅವನೊಬ್ಬನೇ ಇಲ್ಲ. ಎರಡು ಮನೆ ಆಚೆ ಆಕ್ಸಿಜನ್ ಯಂತ್ರದ ಮೇಲೆ ಬದುಕಿರುವ ಮುದುಕಿ ಇರಬಹುದು. ತನ್ನ ಪಾಲಿನ ಅಪಾಯವನ್ನು ಒಪ್ಪಿಕೊಳ್ಳುವ ಹಕ್ಕು ಅವನಿಗಿದೆ, ಅವಳ ಪಾಲಿನದನ್ನು ಒಪ್ಪಿಕೊಳ್ಳುವ ಹಕ್ಕಿಲ್ಲ.

ಬಯಕೆ ಮೋಡವನ್ನು ಕದಲಿಸದು, ಸರಿ. ಆದರೆ ನಕಾಶೆ ಓದುವ ಕಣ್ಣನ್ನು ಅದು ಕದಲಿಸುತ್ತದೆ. ನಾಲ್ಕು ಮಾದರಿಗಳಲ್ಲಿ ಮೂರು ಬರೀ ಮಳೆ ಎಂದರೂ, ಐಸ್ ಎನ್ನುವ ನಾಲ್ಕನೆಯದನ್ನೇ ಹಿಡಿದುಕೊಳ್ಳುವವರು ಈ ಹುಚ್ಚರ ಬಳಗದಲ್ಲೇ ಇದ್ದಾರೆ. ಬಳಗವೇ ಅದಕ್ಕೆ ವಿಶ್‌ಕಾಸ್ಟಿಂಗ್ ಎಂದು ಹೆಸರಿಟ್ಟು ಬಯ್ಯುತ್ತದೆ. ಆ ಬೈಗುಳದಲ್ಲಿ ನನಗೆ ಒಂದು ನೀತಿ ಕಾಣುತ್ತದೆ. ಊರಿನವರು ಕಣ್ಣು ಬಿಡುವ ಮೊದಲೇ ಬಿರುಗಾಳಿಯನ್ನು ಕಂಡವನ ಮಾತನ್ನು ಜನ ನಂಬುತ್ತಾರೆ. ಬಯಕೆಗೆ ಸೋತು ಅವನು ಎರಡು ಸಲ ಸುಳ್ಳು ಎಚ್ಚರಿಕೆ ಕೊಟ್ಟರೆ ಮೂರನೆಯ ಸಲ ಯಾರೂ ಕಿವಿಗೊಡುವುದಿಲ್ಲ. ಬಯಕೆ ನಿರುಪದ್ರವಿ ಎಂಬ ವಾದ ಅಲ್ಲಿಗೆ ಬಿದ್ದುಹೋಗುತ್ತದೆ.

ಹಾಗಾದರೆ ಆ ಹುಮ್ಮಸ್ಸನ್ನು ಏನು ಮಾಡುವುದು? ಹತ್ತಿಕ್ಕಬೇಕಾಗಿಲ್ಲ, ಕೆಲಸಕ್ಕೆ ಹಚ್ಚಬೇಕು. ಕೊಂಬೆಯ ಮೇಲೆ ಎಷ್ಟು ಐಸ್ ಕೂತಿದೆ ಎಂಬುದನ್ನು ರೇಡಾರ್ ಹೇಳಲಾರದು. ಯಾರಾದರೂ ಹೊರಗೆ ಹೋಗಿ, ಅಳತೆಪಟ್ಟಿ ಹಿಡಿದು, ಐಸಿನ ದಪ್ಪಗಿನ ಬದಿ ಮತ್ತು ತೆಳುವಾದ ಬದಿ ಎರಡನ್ನೂ ಅಳೆದು ಸರಾಸರಿ ತೆಗೆಯಬೇಕು. 1997ರಲ್ಲಿ ಕೊಲೊರಾಡೊದ ಫೋರ್ಟ್ ಕಾಲಿನ್ಸ್‌ನಲ್ಲಿ ಪ್ರವಾಹ ಬಂದುಹೋದ ಮೇಲೆ, 1998ರಲ್ಲಿ ಶುರುವಾದ ಕೊಕೊರಾಸ್ ಎಂಬ ಸ್ವಯಂಸೇವಕರ ಜಾಲ ನಡೆಯುವುದೇ ಮನೆಯಂಗಳದಲ್ಲಿ ಮಳೆ, ಹಿಮ ಅಳೆದು ಕಳಿಸುವ ಇಂಥವರಿಂದ. ಕುತೂಹಲ ಹೀಗೆ ಅಳತೆಯಾದಾಗ ಅದರಿಂದ ನೆರೆಯವರಿಗೂ ಉಪಕಾರ.

ಅಳತೆಯ ಜೊತೆಗೆ ಎಚ್ಚರಿಕೆ ಮುಟ್ಟಿಸುವ ಕೆಲಸವೂ ಇದೆ. 2002ರ ಡಿಸೆಂಬರ್‌ನಲ್ಲಿ ಕೆರೊಲಿನಾಗಳಲ್ಲಿ ಐಸ್ ಸ್ಟಾರ್ಮ್ ಬಂದಾಗ ಹತ್ತು ಲಕ್ಷಕ್ಕೂ ಮೀರಿ ಮನೆ, ಅಂಗಡಿಗಳ ಕರೆಂಟ್ ಹೋಯಿತು. ಶಾರ್ಲೆಟ್ ನಗರವಿರುವ ಮೆಕ್ಲೆನ್‌ಬರ್ಗ್ ಕೌಂಟಿಯೊಂದರಲ್ಲೇ ನೂರಕ್ಕೂ ಹೆಚ್ಚು ಜನ ಕಾರ್ಬನ್ ಮೊನಾಕ್ಸೈಡ್ ಸೇವಿಸಿ ಅಸ್ವಸ್ಥರಾದರು. ಬಹುಪಾಲು ಅಲ್ಪಸಂಖ್ಯಾತ ಸಮುದಾಯಗಳವರು. ಚಳಿ ತಾಳದೆ ಮನೆಯೊಳಗೆ ಇದ್ದಿಲು ಹೊತ್ತಿಸಿದವರೇ ಅವರಲ್ಲಿ ಹೆಚ್ಚು.

ರಾಲಿ, ಶಾರ್ಲೆಟ್, ಅಟ್ಲಾಂಟಾ, ಟೊರೊಂಟೊಗಳಲ್ಲಿ ನೆಲೆಸಿರುವ ಕನ್ನಡಿಗರೇ, ನಿಮ್ಮಲ್ಲಿ ಈ ಹುಚ್ಚಿರುವವರಿಗೆ ನನ್ನದೊಂದು ಕೋರಿಕೆ. ಊರಿನಿಂದ ಬಂದಿರುವ ಅಪ್ಪ ಅಮ್ಮಂದಿರಿಗೆ ಅಲ್ಲಿನ ಇಂಗ್ಲಿಷ್ ಎಚ್ಚರಿಕೆ ತಲುಪುವುದು ಕಷ್ಟ. ಮುಂದಿನ ಸಲ ಗುಲಾಬಿ ಪಟ್ಟಿ ನಿಮ್ಮ ಊರಿನತ್ತ ಬರುವುದು ಕಂಡಾಗ ಬಳಗದ ವಾಟ್ಸಾಪಿಗೆ ಕನ್ನಡದಲ್ಲಿ ನಾಲ್ಕು ಸಾಲು ಬರೆದು ಹಾಕಿ: ಜನರೇಟರನ್ನು ಗ್ಯಾರೇಜಿನಲ್ಲಿ ಓಡಿಸಬೇಡಿ, ಮನೆಯೊಳಗೆ ಇದ್ದಿಲು ಉರಿಸಬೇಡಿ, ಹರಿದು ಬಿದ್ದ ತಂತಿಯ ಹತ್ತಿರ ಸುಳಿಯಬೇಡಿ, ಮೆಟ್ಟಿಲಿನ ಮೇಲೆ ಕಾಲಿಡುವ ಮುನ್ನ ನೋಡಿ.