ಕೊಟ್ಟವರು ಯಾರು?

ಮೈಸೂರಿಗೆ ಹೋಗುವ ರೈಲು ಮದ್ದೂರು ದಾಟಿತ್ತು. ಎದುರು ಸೀಟಿನ ಹಿರಿಯರೊಬ್ಬರು ವಡೆ ತಿಂದ ಎಣ್ಣೆಗೈಯನ್ನು ಪೇಪರಿಗೆ ಒರೆಸಿಕೊಳ್ಳುತ್ತಾ ಹೇಳಿದರು: ‘ಏನೇ ಹೇಳಿ ಸಾರ್, ಬ್ರಿಟಿಷರು ಈ ರೈಲು ಕೊಟ್ಟು ಹೋದರು. ನಮ್ಮೋರಾಗಿದ್ದಿದ್ರೆ ಇವತ್ತಿಗೂ ಟೆಂಡರ್ ಕರೀತಾನೇ ಇರೋರು.’ ಸುತ್ತಲಿದ್ದವರು ನಕ್ಕರು. ನಾನೂ ನಕ್ಕೆ. ನಕ್ಕಾದ ಮೇಲೆ ಕಸಿವಿಸಿಯಾಯಿತು. ‘ಕೊಟ್ಟು’ ಎಂಬ ಆ ಪುಟ್ಟ ಕ್ರಿಯಾಪದ ಗಂಟಲಲ್ಲಿ ಸಿಕ್ಕಿಕೊಂಡಿತ್ತು.

ಯಾಕೆಂದರೆ ಈ ದಾರಿಯ ಕತೆ ನನಗೆ ಸ್ವಲ್ಪ ಗೊತ್ತು. ಅಂದಿನ ಮೀಟರ್ ಗೇಜ್ ಹಳಿಗಳು ಈಗಿಲ್ಲ. ಆದರೆ ಬೆಂಗಳೂರು–ಮೈಸೂರು ಹಾದಿಗೆ ಮೊದಲು ಮಣ್ಣು ಹೊತ್ತವರಲ್ಲಿ 1876–78ರ ಬರಗಾಲದ ಕೂಲಿಗಳಿದ್ದರು. ಹಳಬರು ಧಾತು–ಈಶ್ವರ ಸಂವತ್ಸರಗಳ ಬರ ಎಂದು ನೆನೆಯುತ್ತಿದ್ದದ್ದು ಅದನ್ನೇ. 1871ರ ಜನಗಣತಿಯಲ್ಲಿ ಮೈಸೂರು ಸೀಮೆಯಲ್ಲಿ ಐವತ್ತು ಲಕ್ಷಕ್ಕೂ ಹೆಚ್ಚು ಜನರಿದ್ದರು; 1881ರಲ್ಲಿ ಎಣಿಸಿದಾಗ ಸಿಕ್ಕವರು ಸುಮಾರು 42 ಲಕ್ಷ. ಆಗ ಇಲ್ಲಿ ಆಳುತ್ತಿದ್ದದ್ದು ಮಹಾರಾಜರಲ್ಲ, 1831ರಿಂದ ನೇರವಾಗಿ ಬ್ರಿಟಿಷ್ ಕಮಿಷನರುಗಳೇ. ಗಂಜಿಕೇಂದ್ರಗಳಲ್ಲಿ ಕೂತವರನ್ನು ಎಬ್ಬಿಸಿ ದೊಡ್ಡ ಕಾಮಗಾರಿಗಳಿಗೆ ಕಳಿಸಬೇಕೆಂಬ ನೀತಿ ಬಂತು. ಹಾಗೆ ರೈಲುದಾರಿ ಮುಂದುವರಿದು 1882ರ ಹೊತ್ತಿಗೆ ಮೈಸೂರು ಮುಟ್ಟಿತು.

ಇನ್ನು ದುಡ್ಡಿನ ವಿಷಯ. ಬರಪರಿಹಾರಕ್ಕೆಂದು ಭಾರತ ಸರ್ಕಾರ ಮೈಸೂರಿಗೆ ಕೊಟ್ಟದ್ದು ಸಾಲ. 1881ರಲ್ಲಿ ಚಾಮರಾಜ ಒಡೆಯರಿಗೆ ರಾಜ್ಯ ಹಿಂತಿರುಗಿಸಿದಾಗ ಸಿಂಹಾಸನದ ಜೊತೆಗೆ 80 ಲಕ್ಷ ರೂಪಾಯಿ ಸಾಲವೂ ಬಂತು. ಇದು ಸಾಲದೆಂಬಂತೆ ವರ್ಷಕ್ಕೆ ಇಪ್ಪತ್ತನಾಲ್ಕೂವರೆ ಲಕ್ಷವಿದ್ದ ಪೊಗದಿಯನ್ನು, ಅಂದರೆ ಮೈಸೂರು ಬ್ರಿಟಿಷರಿಗೆ ತೆರುತ್ತಿದ್ದ ಕಪ್ಪವನ್ನು, 35 ಲಕ್ಷಕ್ಕೆ ಏರಿಸಿದ್ದರು. ಬರದಿಂದ ರಾಜ್ಯ ಸೋತಿದೆಯೆಂದು ಆ ಏರಿಕೆಯನ್ನು ಐದು ವರ್ಷ ಮುಂದೂಡಿದರಂತೆ. ಅದನ್ನೂ ‘ಕೊಟ್ಟರು’ ಎಂದೇ ಬರೆದುಕೊಳ್ಳಬೇಕೇನೋ. ದಿವಾನ್ ರಂಗಾಚಾರ್ಲು ಆಡಳಿತ ಶುರುಮಾಡಿದ್ದು ಈ ಲೆಕ್ಕದ ಪುಸ್ತಕ ತೆರೆದುಕೊಂಡು. ತೀರಿಸಬೇಕಾದವರು ಯಾರು? ಬದುಕಿ ಉಳಿದ ರೈತರು.

ಹಾಗಾದರೆ ‘ದುಡ್ಡು ನಮ್ಮದೇ, ಆದ್ದರಿಂದ ಕೃತಜ್ಞತೆ ಬೇಕಿಲ್ಲ’ ಎಂದು ಆ ಹಿರಿಯರಿಗೆ ಹೇಳಿಬಿಡಬಹುದಿತ್ತು. ದಾದಾಭಾಯಿ ನವರೋಜಿ ಅವರ ಕಾಲದಿಂದ ನಾವು ಹೇಳುತ್ತಾ ಬಂದ ಉತ್ತರ ಅದೇ, ಮತ್ತು ಅದು ನಿಜ. ಆದರೆ ಸಾಲದು. ರಾಜರು ಕೆರೆ ಕಟ್ಟಿಸಿದ್ದೂ ಪ್ರಜೆಗಳ ಕಂದಾಯದಿಂದಲೇ. ನಮ್ಮೂರ ಬಸ್ ನಿಲ್ದಾಣದ ಮೇಲೆ ‘ಮಾನ್ಯ ಶಾಸಕರ ಅನುದಾನದಲ್ಲಿ’ ಎಂದು ನಿಲ್ದಾಣಕ್ಕಿಂತ ದೊಡ್ಡ ಅಕ್ಷರದಲ್ಲಿ ಬರೆಸಿದ್ದಾರೆ. ಅದೂ ನನ್ನ ತೆರಿಗೆಯೇ. ಹಣ ಯಾರದು ಎಂಬ ಪ್ರಶ್ನೆಯೊಂದರಿಂದಲೇ ವಸಾಹತಿನ ಖರ್ಚನ್ನು ಬೇರೆ ಖರ್ಚುಗಳಿಂದ ಬೇರ್ಪಡಿಸಲು ಆಗುವುದಿಲ್ಲ.

ನನಗೆ ಕಾಣುವುದು ಹೀಗೆ. ಯಾವ ಕಾಮಗಾರಿಯಲ್ಲೂ ಮೂವರು ಇರುತ್ತಾರೆ: ತೀರ್ಮಾನಿಸುವವನು, ತೆರುವವನು, ಹೊರುವವನು. ಮೊದಲಿಬ್ಬರೂ ಒಬ್ಬನೇ ಆಗಿದ್ದರೆ ಅದನ್ನು ದಾನ ಎನ್ನಬಹುದು. ಬೇರೆ ಬೇರೆಯಾಗಿದ್ದು, ತೆರುವವನು ತೀರ್ಮಾನಿಸಿದವನ ಜುಟ್ಟು ಹಿಡಿದು ಕೇಳಲು ಸಾಧ್ಯವಿದ್ದರೆ ಅದು ಸರ್ಕಾರ, ಒಳ್ಳೆಯದೋ ಕೆಟ್ಟದ್ದೋ. ಕೇಳುವ ಬಾಗಿಲೇ ಇಲ್ಲದಿದ್ದರೆ? ಆ ಸೌಕರ್ಯ ಸಿಕ್ಕ ಮೇಲೆ ತೀರ್ಮಾನಿಸಿದವನ ಕೈ ಎಷ್ಟು ಸಡಿಲವಾಗುತ್ತದೆ ಎನ್ನುವುದಕ್ಕೆ ಅಂದಿನ ರೈಲು ಕಂಪನಿಗಳೇ ಸಾಕ್ಷಿ. 1849ರಿಂದ ಬ್ರಿಟನ್ನಿನಲ್ಲಿ ಕೂತ ಬಂಡವಾಳಗಾರರಿಗೆ ಶೇಕಡಾ 5ರ ಖಾತರಿ ಕೊಟ್ಟರು; ರೈಲು ನಷ್ಟದಲ್ಲಿ ಓಡಿದರೆ ಕೊರತೆ ತುಂಬುವುದು ಭಾರತದ ಕಂದಾಯ. ಬಡ್ಡಿ ಖಾತರಿಯಿದ್ದವನಿಗೆ ತನ್ನ ದುಡ್ಡು ಇಟ್ಟಿಗೆಯಾದರೂ ಒಂದೇ, ಹೂಗ್ಲಿ ನದಿಯ ಪಾಲಾದರೂ ಒಂದೇ ಎಂದು ಆಮೇಲೆ ಒಪ್ಪಿಕೊಂಡವರು ವೈಸರಾಯರ ಹಣಕಾಸು ಸದಸ್ಯರಾಗಿದ್ದ ವಿಲಿಯಂ ಮ್ಯಾಸಿ. ಬರದ ನಂತರ, 1878ರಲ್ಲಿ, ವರ್ಷಕ್ಕೆ ಒಂದೂವರೆ ಕೋಟಿಯ ಬರನಿಧಿಗೆಂದು ಲಾರ್ಡ್ ಲಿಟ್ಟನ್ ಹೊಸ ತೆರಿಗೆ ಹಾಕಿದರು. ಅಷ್ಟರಲ್ಲಿ ಆಫ್ಘಾನ್ ಯುದ್ಧ ಬಂತು. ದುಡ್ಡು ಅತ್ತ ಹರಿಯಿತು. ತೆರಿಗೆ ಕಟ್ಟಿದವನು ಇದನ್ನು ಯಾವ ಕಚೇರಿಯಲ್ಲಿ ಕೇಳಬೇಕಿತ್ತು?

ಇಷ್ಟು ಹೇಳಿ ಗೆದ್ದೆನೆಂದು ಕೂರಲು ನನಗೆ ಆಗುತ್ತಿಲ್ಲ. ಗೋದಾವರಿಯ ಧವಳೇಶ್ವರಂ ಅಣೆಕಟ್ಟು ಅಡ್ಡ ಬರುತ್ತದೆ. 1852ರಲ್ಲಿ ಮುಗಿದ ಆ ಕಟ್ಟೆಯ ಹಿಂದಿದ್ದ ಆರ್ಥರ್ ಕಾಟನ್ ಕಾಲುವೆಗಳಿಗೆ ಹಣ ಕೊಡಿ, ರೈಲಿಗಿಂತ ಮೊದಲು ನೀರು ಕೊಡಿ ಎಂದು ತನ್ನದೇ ಸರ್ಕಾರದ ಜೊತೆ ಜೀವಮಾನವಿಡೀ ಜಗಳವಾಡಿದವರು. ಆ ಮುಖಜಭೂಮಿಯ ರೈತರು ಅವರ ಪ್ರತಿಮೆಗಳಿಗೆ ಇವತ್ತಿಗೂ ಹಾರ ಹಾಕುತ್ತಾರೆ. ಅವರಿಗೆ ಹೋಗಿ ‘ನಿಮ್ಮ ಕೃತಜ್ಞತೆ ತಪ್ಪು’ ಎನ್ನುವ ಧೈರ್ಯ ನನಗಿಲ್ಲ, ಅಗತ್ಯವೂ ಕಾಣುವುದಿಲ್ಲ. ಒಬ್ಬ ಮನುಷ್ಯನ ಹಟಕ್ಕೆ ಕೈಮುಗಿಯಬಹುದು. ಆ ಹಟಕ್ಕೆ ಪದೇ ಪದೇ ಇಲ್ಲ ಎಂದ ಆಡಳಿತವೂ ಆ ನಮಸ್ಕಾರದಲ್ಲಿ ಪಾಲು ಕೇಳಿದರೆ ಅದು ಬೇರೆ ಮಾತು.

ಇನ್ನೊಂದು ಇದಕ್ಕಿಂತ ಕಷ್ಟದ್ದು. ಕೆಲಸವೇ ಇಲ್ಲದೆ ಸಾಯುವುದಕ್ಕಿಂತ ಮಣ್ಣು ಹೊತ್ತು ಬದುಕಿದ್ದು ಮೇಲಲ್ಲವೇ? ಹೌದು, ಮೇಲು. ಆದರೆ ಆ ಕೂಲಿ ಎಷ್ಟಿತ್ತು ಎಂದು ನೋಡಬೇಕು. ಬಳ್ಳಾರಿ ಆಗ ಮದರಾಸು ಪ್ರಾಂತ್ಯದಲ್ಲಿತ್ತು. ಅಲ್ಲಿಗೆ 1877ರ ಆರಂಭದಲ್ಲಿ ಖರ್ಚು ಕಡಿಮೆ ಮಾಡಿಸಲು ಬಂದ ಸರ್ ರಿಚರ್ಡ್ ಟೆಂಪಲ್, ದಿನವಿಡೀ ಅಗೆಯುವ ಗಂಡಾಳಿಗೆ ಒಂದು ಪೌಂಡ್ ಧಾನ್ಯ, ಅಂದರೆ ಸುಮಾರು 450 ಗ್ರಾಂ, ಮೇಲೊಂದು ಆಣೆ ಸಾಕು ಎಂದರು. ಇದರಿಂದ ದುಡಿಯುವ ದೇಹ ಉಳಿಯುವುದಿಲ್ಲವೆಂದು ಮದರಾಸಿನ ಆರೋಗ್ಯಾಧಿಕಾರಿ ಡಾಕ್ಟರ್ ಕಾರ್ನಿಷ್ ಪ್ರತಿಭಟಿಸಿದರು. ಕೆಲವು ತಿಂಗಳ ನಂತರ ಕೂಲಿ ಏರಿತು. ಆ ಕೆಲವು ತಿಂಗಳು ಎಂಬುದನ್ನು ಬರೆಯುವುದು ಸುಲಭ.

ನಾನು ಮನೆಯಲ್ಲಿ ಒಮ್ಮೆ ಅಡುಗೆಮನೆಯ ತಕ್ಕಡಿಯಲ್ಲಿ 450 ಗ್ರಾಂ ಅಕ್ಕಿ ತೂಗಿ ನೋಡಿದೆ. ನೋಡಲು ಕಡಿಮೆಯೆನಿಸಲಿಲ್ಲ, ಅದೇ ನನ್ನನ್ನು ಬೆಚ್ಚಿಸಿದ್ದು. ಸಾರು, ತರಕಾರಿ, ಮೊಸರು ಇರುವ ಮನೆಯಲ್ಲಿ ಅದು ಬೇಕಾದಷ್ಟು. ಬೇರೇನೂ ಕೊಳ್ಳಲಾಗದವನು ಬಿಸಿಲಲ್ಲಿ ಮಣ್ಣು ಅಗೆಯಲು ಅದು ಸಾಲದು. ಕಾಗದದ ಮೇಲೆ ಲೆಕ್ಕ ಹಾಕಿದವನಿಗೂ ಬಹುಶಃ ನನ್ನ ಹಾಗೆಯೇ ಅದು ಸಾಕೆಂದು ಕಂಡಿರಬೇಕು. ಅವನು ರಾಕ್ಷಸನಾಗಿರಬೇಕಿಲ್ಲ, ಅಗೆಯುವವನು ಅವನ ಮೇಜಿಗೆ ಬಂದು ಮಾತಾಡುವ ಹಾಗಿರಲಿಲ್ಲ, ಅಷ್ಟೇ.

ಈ ರೈಲನ್ನು ನಾನು ಬಿಟ್ಟಿಲ್ಲ, ಬಿಡುವುದೂ ಇಲ್ಲ. ಟಿಕೆಟು ಅಗ್ಗ, ಕಿಟಕಿಯ ಗಾಳಿ ಚೆನ್ನ. ಯಾರಿಗಾದರೂ ಋಣಿಯಾಗಿರಬೇಕೆಂದಿದ್ದರೆ ಹಳಿಯ ಕೆಳಗಿನ ಆ ಏರಿ ಹಾಕಿದವರಿಗೆ ಎನ್ನಿಸುತ್ತದೆ. ಅವರಲ್ಲಿ ಒಬ್ಬರ ಹೆಸರೂ ನನಗೆ ಗೊತ್ತಿಲ್ಲ.

ಶ್ರೀರಂಗಪಟ್ಟಣ ಬಂದಾಗ ಹಿರಿಯರು ಎದ್ದರು. ಅವರ ಚೀಲ ಇಳಿಸಿ ಕೊಟ್ಟೆ. ‘ಏನ್ ಸಾರ್, ಆಗಿಂದ ಸುಮ್ಮನಾಗಿಬಿಟ್ರಿ?’ ಎಂದರು. ‘ಈ ರೈಲಿನ ಸಾಲ ನಾವೇ ತೀರಿಸಿದ್ದಂತೆ ಸಾರ್’ ಎಂದೆ. ಅವರು ಒಂದು ಗಳಿಗೆ ನನ್ನ ಮುಖ ನೋಡಿ, ‘ಎಷ್ಟಾಗಿತ್ತಂತೆ?’ ಎಂದು ಕೇಳಿದರು. ಹೇಳುವಷ್ಟರಲ್ಲಿ ಹಿಂದಿನವರು ತಳ್ಳಿದರು; ಅವರು ಇಳಿದರು.